ಹಟ್ಟಿ ಜಾತ್ರೆಯ ಬಿಡಾರ

ಈ ವರ್ಷ ನಮ್ಮ ದೊಡ್ಡಪ್ಪನ ಮೊಮ್ಮಗ ಒಂದು ಸಲಹೆ ತಂದ. ನಾಯಕನಹಟ್ಟಿ ಜಾತ್ರೆಗೆ ವಾರಗಟ್ಟಲೆ ಬಿಡಾರ ಹೂಡುವುದು ಯಾಕೆ, ತೇರಿನ ದಿನ ಬೆಳಿಗ್ಗೆ ಎರಡು ಟೆಂಪೊ ಮಾಡಿಕೊಂಡು ಹೋಗೋಣ, ಸ್ವಾಮಿಯ ದರ್ಶನ ಮಾಡಿ, ತೇರು ಎಳೆದು, ರಾತ್ರಿ ಹೊತ್ತಿಗೆ ಚಳ್ಳಕೆರೆಗೆ ಬಂದು ಮಲಗೋಣ, ಊಟಕ್ಕೆ ಕೇಟರಿಂಗ್‌ನವರಿಗೆ ಹೇಳಿದರಾಯಿತು ಅಂದ. ಹುಡುಗ ಒಳ್ಳೆಯವನು. ಖರ್ಚೆಲ್ಲ ತನ್ನದೇ ಅಂತಲೂ ಹೇಳಿದ. ಆದರೂ ನನಗೆ ಮೈ ಉರಿಯಿತು. ಬಿಡಾರವನ್ನು ಕಷ್ಟ ಅಂದುಕೊಂಡವರು ಅದನ್ನು ತಪ್ಪಿಸಲು ದಾರಿ ಹುಡುಕುತ್ತಾರೆ. ನನಗೆ ಇಡೀ ವರ್ಷದಲ್ಲಿ ಅಷ್ಟು ಇಷ್ಟವಾದ ಕೆಲಸ ಮತ್ತೊಂದಿಲ್ಲ.

ಬಿಸಿಲು ಏರುತ್ತಿದ್ದ ಹಾಗೇ ಫಾಲ್ಗುಣದಲ್ಲಿ ಹಟ್ಟಿ ತಿಪ್ಪೇಸ್ವಾಮಿಯ ಜಾತ್ರೆ ಬರುತ್ತದೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಿ ದುಡಿಯುವವರು, ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ಮಗ್ಗ ನಡೆಸುವ ಸೋದರತ್ತೆಯ ಮನೆಯವರು, ಬಳ್ಳಾರಿಗೆ ಕೊಟ್ಟ ಹೆಣ್ಣುಮಕ್ಕಳು, ಬೆಂಗಳೂರು ಸೇರಿದ ಹುಡುಗರು, ಎಲ್ಲ ಕೂಡಿದರೆ ನಮ್ಮದು ಐವತ್ತು ಜನಕ್ಕೂ ಮೀರಿದ ಗುಂಪು. ‘ತಿಪ್ಪೇಶಾ’ ಅಂತ ಕೂಗಿದರೆ ಮೂರ್ನಾಲ್ಕು ಜನ ಒಟ್ಟಿಗೆ ತಿರುಗಿ ನೋಡುತ್ತಾರೆ. ನಮ್ಮ ಸೀಮೆಯಲ್ಲಿ ಮನೆಗೊಬ್ಬ ತಿಪ್ಪೇಸ್ವಾಮಿ, ಒಬ್ಬಳು ತಿಪ್ಪಮ್ಮ ಇದ್ದೇ ಇರುತ್ತಾರೆ. ಹಿಂದೆ ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಿದ್ದೆವು. ಈಗ ಟ್ರ್ಯಾಕ್ಟರ್ ಟ್ರಾಲಿ, ಕಾರು, ಬೈಕು. ಬಂದ ವಾಹನ ಬದಲಾಗಿದ್ದರ ಬಗ್ಗೆ ನನ್ನ ತಕರಾರಿಲ್ಲ. ಬಂದ ಮೇಲೆ ಇಳಿದು ಉಳಿಯಬೇಕು, ಅಷ್ಟೆ.

ಬಿಡಾರದಲ್ಲಿ ಮೊದಲ ಕೆಲಸ ನೆರಳು. ಇಲ್ಲಿಂದ ನನ್ನ ಜಗಳ ಶುರು. ಈಗ ಹೊಲದ ತುಂಬ ಎಲ್ಲಿ ನೋಡಿದರೂ ನೀಲಿ ಟಾರ್ಪಾಲು. ನಮ್ಮ ಭಾವ ಅದರ ಪರ. ಹಗುರ, ಅಗ್ಗ, ಮಡಚಿದರೆ ಸೀಟಿನ ಕೆಳಗೆ ಹೋಗುತ್ತದೆ, ಮಳೆ ಬಂದರೂ ಒಂದು ಹನಿ ಸೋರುವುದಿಲ್ಲ ಅನ್ನುತ್ತಾನೆ. ಎಲ್ಲ ಸರಿ. ಆದರೆ ಮಧ್ಯಾಹ್ನ ಒಂದು ಗಂಟೆಗೆ ಅದರ ಕೆಳಗೆ ಕೂತು ನೋಡಲಿ. ಬಿಸಿಗಾಳಿ ಮೇಲಕ್ಕೆ ಹೋಗಲು ದಾರಿಯಿಲ್ಲದೆ ತಲೆಯ ಮೇಲೇ ನಿಂತಿರುತ್ತದೆ. ಗಾಳಿ ಬೀಸಿದರೆ ಪಟಪಟ ಸದ್ದು, ಹಸುಗೂಸುಗಳಿಗೆ ನಿದ್ದೆಯಿಲ್ಲ. ನೆರಳೂ ಎಂಥದು? ಮುಖವೆಲ್ಲ ನೀಲಿ, ಅನ್ನವೂ ನೀಲಿ.

ನನ್ನದು ಕಂಬಳಿ. ಚಳ್ಳಕೆರೆಯ ಸುತ್ತ ಕುರುಬರು ನೇಯುವ ಕರಿ ಕಂಬಳಿ. ದಖ್ಖನಿ ಕುರಿಯ ಉಣ್ಣೆ ಗಿಡ್ಡ, ಒರಟು. ಅದರ ನೂಲಿಗೆ ಹುಣಸೆಬೀಜದ ಗಂಜಿ ಕೊಟ್ಟು ನೇಯುತ್ತಾರೆ. ಹಾಗಾಗಿ ಹೊಸ ಕಂಬಳಿ ಹಲಗೆಯ ಹಾಗೆ ಸೆಟೆದು ನಿಲ್ಲುತ್ತದೆ, ಎರಚಲು ಮಳೆಯಾದರೆ ನೀರು ಮೇಲೆ ಜಾರಿ ಹೋಗುತ್ತದೆ. ಕರಿ ಬಣ್ಣ ಬಿಸಿಲು ಕುಡಿಯುತ್ತದಲ್ಲ ಎಂದು ಬೆಂಗಳೂರಿನ ಹುಡುಗರು ಕೇಳುತ್ತಾರೆ. ಕುಡಿಯುತ್ತದೆ, ಆದರೆ ಉಣ್ಣೆಯ ನೇಯ್ಗೆಯಲ್ಲಿ ಉಸಿರಾಡಲು ಸಂದಿಯಿದೆ. ಒಳಗಿನ ಬಿಸಿ ಆ ಸಂದಿಯಿಂದಲೇ ಮೇಲಕ್ಕೆ ಹೋಗುತ್ತದೆ, ಕೆಳಗಡೆ ಬದಿಯಿಂದ ಗಾಳಿ ಆಡುತ್ತದೆ. ಅರೇಬಿಯಾದ ಮರಳುಗಾಡಿನಲ್ಲಿ ಬೆದೂಯಿನ್ ಜನರ ಡೇರೆಗಳು ಕರಿ ಮೇಕೆಯ ಕೂದಲಿನವು. ನಮಗಿಂತ ಬಿಸಿಲು ಕಂಡವರು ಅವರು.

ಕಂಬಳಿ ಕಟ್ಟುವುದರಲ್ಲಿ ಒಂದು ಉಪಾಯವಿದೆ. ನಮ್ಮ ಚಿಕ್ಕಜ್ಜ ಕಲಿಸಿದ್ದು. ಕಂಬಳಿಗೆ ತೂತು ಹಾಕಬಾರದು, ಅಂಚಿಗೆ ಮೊಳೆ ಹೊಡೆಯಬಾರದು. ನಿಂಬೆಹಣ್ಣಿನಷ್ಟು ದೊಡ್ಡ ನುಣ್ಣನೆಯ ಗುಂಡುಕಲ್ಲನ್ನು ಕಂಬಳಿಯ ಮೂಲೆಯೊಳಗೆ ಇಡಬೇಕು. ಬಟ್ಟೆಯನ್ನು ಅದರ ಸುತ್ತ ಮುದುರಿ, ಕಲ್ಲಿನ ಕುತ್ತಿಗೆ ಸಿಗುವ ಕಡೆ ಹಗ್ಗ ಎರಡು ಸುತ್ತು ಸುತ್ತಿ ಬಿಗಿಯಬೇಕು. ಎಳೆದಷ್ಟೂ ಗಂಟು ಬಿಗಿಯಾಗುತ್ತದೆ, ಬಟ್ಟೆ ಮಾತ್ರ ಹರಿಯುವುದಿಲ್ಲ. ಜಾತ್ರೆ ಮುಗಿದ ಮೇಲೆ ಹಗ್ಗ ಬಿಚ್ಚಿದರೆ ಕಲ್ಲು ಕೆಳಗೆ ಬೀಳುತ್ತದೆ, ಕಂಬಳಿ ಹೊದೆಯಲು ಸಿದ್ಧ. ಹಗ್ಗದ ಇನ್ನೊಂದು ತುದಿಗೂ ಗೂಟ ಬೇಡ. ನಮ್ಮ ಕಡೆಯ ನೆಲದಲ್ಲಿ ಗೇಣು ಅಗೆದರೆ ಬೆಣಚುಕಲ್ಲು, ಗೂಟ ಮುರಿಯುತ್ತದೆಯೇ ಹೊರತು ಇಳಿಯುವುದಿಲ್ಲ. ಒಂದಾಳು ಎತ್ತುವಷ್ಟು ಕಲ್ಲಿಗೆ ಹಗ್ಗ ಸುತ್ತಿಟ್ಟರೆ ಮುಗಿಯಿತು. ಗಾಳಿ ಜೋರಾದಾಗ ಕಲ್ಲು ಸ್ವಲ್ಪ ಜರುಗುತ್ತದೆ, ಅದು ಒಳ್ಳೆಯದೇ. ಜರುಗುವ ಕಲ್ಲು ಕಂಬಳಿಯನ್ನು ಉಳಿಸುತ್ತದೆ.

ಇಷ್ಟಕ್ಕೇ ನಿಲ್ಲಿಸುವವರೂ ಇದ್ದಾರೆ. ನಾನು ಎರಡು ಪದರ ಕಟ್ಟುತ್ತೇನೆ. ಮೇಲೆ ಹಳೆಯ ಕಂಬಳಿ, ಅದರಿಂದ ಒಂದು ಗೇಣು ಕೆಳಗೆ ಹಳೆಯ ಸೀರೆ. ಮೇಲಿನ ಪದರ ಕಾದರೂ ನಡುವಿನ ಗೇಣಿನಲ್ಲಿ ಗಾಳಿ ಓಡಾಡುತ್ತದೆ, ಸೀರೆ ತಣ್ಣಗಿರುತ್ತದೆ. ಮಧ್ಯಾಹ್ನವಾಗುತ್ತಲೇ ಪಡುವಣ ಬದಿಯ ಕಂಬಳಿಯನ್ನು ನೆಲದವರೆಗೆ ಇಳಿಬಿಡುವುದು, ಸಂಜೆ ಎತ್ತಿ ಕಟ್ಟುವುದು, ಇದು ಮಕ್ಕಳ ಪಾಲಿನ ಕೆಲಸ. ಟಾರ್ಪಾಲಿನ ಕೆಳಗೆ ಅರ್ಧ ತಾಸು ಕೂತು, ಆಮೇಲೆ ‘ಸ್ವಲ್ಪ ಸರೀರಿ’ ಅಂತ ನಮ್ಮ ಕಂಬಳಿಯ ಕೆಳಗೆ ಬಂದು ಮಲಗುವ ಭಾವ, ಎದ್ದ ಮೇಲೆ ಮತ್ತೆ ಟಾರ್ಪಾಲನ್ನೇ ಹೊಗಳುತ್ತಾನೆ.

ಅಡುಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಮುದ್ದೆಯ ಒಂದು ಮಾತು ಬಿಟ್ಟು. ಐವತ್ತು ಜನಕ್ಕೆ ರಾಗಿ ಮುದ್ದೆ ತೊಳಸುವಾಗ ಹಿಟ್ಟು ಸುರಿದ ಕೂಡಲೇ ಕೋಲು ಹಾಕುವ ಅವಸರ ಬೇಡ. ಕುದಿಯುವ ಎಸರಿನ ನಡುವೆ ಹಿಟ್ಟು ಗುಡ್ಡೆಯಾಗಿ ಕೂರಬೇಕು, ಕೋಲಿನಿಂದ ಅದಕ್ಕೊಂದು ತೂತು ಕೊಡಬೇಕು, ಆ ತೂತಿನಿಂದ ಎಸರು ಉಕ್ಕಿ ಹಿಟ್ಟಿನ ಮೇಲೆ ಹರಿಯಬೇಕು. ಹಸಿ ವಾಸನೆ ಹೋಗಿ ಬೆಂದ ವಾಸನೆ ಬರುವವರೆಗೂ ಕಾಯಬೇಕು. ಆಮೇಲೆ ಒಬ್ಬರು ಕವೆಗೋಲಿನಿಂದ ಪಾತ್ರೆಯನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಮೈಯ ಭಾರವೆಲ್ಲ ಹಾಕಿ ತೊಳಸಬೇಕು. ಬಳ್ಳಾರಿ ಜಾಲಿಯ ಒಣ ಸೌದೆಗೆ ಉರಿ ಜಾಸ್ತಿ, ಹಾಗಾಗಿ ತೊಳಸುವ ಹೊತ್ತಿಗೆ ಕೊಳ್ಳಿಗಳನ್ನು ಹಿಂದಕ್ಕೆ ಎಳೆದಿರಬೇಕು. ಇದರ ಜೊತೆಗೆ ಹುರುಳಿಕಾಳಿನ ಸಾರು, ಶೇಂಗಾ ಚಟ್ನಿ. ಮೊದಲ ಮುದ್ದೆ ತೊಳಸಿದವರಿಗೆ.

ಆ ಮಾತು ಹಟ್ಟಿಯಲ್ಲಿ ಸುಮ್ಮನೆ ಬಂದದ್ದಲ್ಲ. ತಿಪ್ಪೇರುದ್ರಸ್ವಾಮಿ ಈ ಒಣ ಸೀಮೆಯಲ್ಲಿ ಕೆರೆ ಕಟ್ಟಿಸಿದವರು. ಮಾಡಿದಷ್ಟು ನೀಡು ಭಿಕ್ಷೆ ಎಂಬ ಅವರ ಮಾತು ಇಲ್ಲಿಯ ಮಕ್ಕಳಿಗೂ ಬಾಯಿಪಾಠ. ಕೆರೆಯ ಕೆಲಸಕ್ಕೆ ಬಂದವರಿಗೆ ಅವರವರು ದುಡಿದಷ್ಟೇ ಕೂಲಿ ಸಿಕ್ಕಿತು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂಬ ಕಥೆಯನ್ನು ಬಿಡಾರದಲ್ಲಿ ರಾತ್ರಿ ಯಾರಾದರೂ ಹೇಳಿಯೇ ಹೇಳುತ್ತಾರೆ. ವರ್ಷದಲ್ಲಿ ಬೀಳುವ ಮಳೆಯೇ ಇಲ್ಲಿ ಕಡಿಮೆ. ಬಿದ್ದದ್ದನ್ನು ಹಿಡಿದಿಡುವ ಕೆರೆಯೇ ದೇವರಾದ ಊರು ಇದು. ಹೊರಮಠದ ಮುಂದೆ ಕೊಬ್ಬರಿ ಸುಡುವ ಹೊಗೆ, ಮುಕ್ತಿ ಬಾವುಟದ ಹರಾಜಿನಲ್ಲಿ ಲಕ್ಷಗಟ್ಟಲೆ ಏರುವ ಕೂಗು, ತೇರಿನ ಮೇಲೆ ತೂರುವ ಬಾಳೆಹಣ್ಣು, ಇದೆಲ್ಲ ನನಗೂ ಬೇಕು. ಆದರೆ ಇದಿಷ್ಟನ್ನೇ ಜಾತ್ರೆ ಅಂದುಕೊಂಡು ಬಂದು ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅವರು ಬರುವುದು ಹನ್ನೊಂದು ಗಂಟೆಗೆ. ಪಕ್ಕದ ಹೊಲದಲ್ಲಿ ಕಾರು ನಿಲ್ಲಿಸಿ, ಡಿಕ್ಕಿ ತೆಗೆದು, ಪ್ಲಾಸ್ಟಿಕ್ ಲೇಪದ ತಟ್ಟೆಯಲ್ಲಿ ಪಲಾವ್ ತಿಂದು, ತಟ್ಟೆ ಲೋಟಗಳನ್ನು ಅಲ್ಲೇ ಎಸೆದು, ಸಂಜೆ ಆರಕ್ಕೆ ಹೊರಟುಬಿಡುತ್ತಾರೆ. ಗಾಳಿ ಆ ತಟ್ಟೆಗಳನ್ನು ಜಾಲಿಯ ಮುಳ್ಳಿಗೆ ಸಿಕ್ಕಿಸುತ್ತದೆ. ಎಣ್ಣೆ ಉಪ್ಪಿನ ರುಚಿಗೆ ಹಸು ಅದನ್ನು ನುಂಗುತ್ತದೆ. ಹೊಲ ಯಾರದೋ, ಹಸು ಯಾರದೋ. ವಾರ ಉಳಿಯುವವನಿಗೆ ಇದು ಸಾಧ್ಯವಿಲ್ಲ. ತಾನು ಎಸೆದದ್ದರ ಪಕ್ಕದಲ್ಲೇ ಅವನು ರಾತ್ರಿ ಮಲಗಬೇಕು. ಹೊಲದ ಯಜಮಾನ ಬೆಳಿಗ್ಗೆ ಬಂದರೆ ಅವನ ಮುಖ ನೋಡಬೇಕು, ಅವನ ಕೊಳವೆಬಾವಿಯಿಂದಲೇ ನೀರು ಕೇಳಬೇಕು. ನಾವು ಮುತ್ತುಗದ ಎಲೆ ಹಚ್ಚಿ ತರುತ್ತೇವೆ, ಉಂಡ ಎಲೆಯನ್ನು ತಿಪ್ಪೆಗುಂಡಿಗೆ ಹಾಕುತ್ತೇವೆ, ಹೊರಡುವ ದಿನ ಒಲೆಯ ಗುಂಡಿ ಮುಚ್ಚಿ ಬೂದಿಯನ್ನು ಹೊಲಕ್ಕೆ ಎರಚುತ್ತೇವೆ. ಒಂದೇ ದಿನಕ್ಕೆ ಬಂದವರಿಗೆ ಇದನ್ನೆಲ್ಲ ಹೇಳಿ ನೋಡಿದ್ದೇನೆ. ‘ಗುಡಿಸೋರಿಗೆ ದುಡ್ಡು ಕೊಡ್ತಾರಲ್ಲ’ ಅನ್ನುತ್ತಾರೆ. ಯಾರು ಕೊಡುತ್ತಾರೆ? ಯಾವಾಗ?

ಇದು ಒಂದು ದೇವರ, ಒಂದು ಧರ್ಮದ ಮಾತಲ್ಲ. ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ಧಾರೂರಿನಲ್ಲಿ ಮೆಥೋಡಿಸ್ಟ್ ಕ್ರೈಸ್ತರು ನವೆಂಬರಿನಲ್ಲಿ ಕೂಡುತ್ತಾರೆ. ಅದಕ್ಕೆ ಅವರೂ ಜಾತ್ರೆ ಅಂತಲೇ ಕರೆಯುತ್ತಾರೆ. ನಮ್ಮ ಬೀದರ್ ಕಡೆಯ ಕುಟುಂಬಗಳೂ ಅಲ್ಲಿಗೆ ಹೋಗುತ್ತವೆ. ಅಜ್ಜಿಯಿಂದ ಮೊಮ್ಮಗುವಿನವರೆಗೆ ಮನೆಮಂದಿಯೆಲ್ಲ ಹೊರಟು, ಮರದಡಿ ಡೇರೆ ಹಾಕಿ, ಅಲ್ಲೇ ಅಡುಗೆ ಮಾಡಿಕೊಂಡು, ಪ್ರಾರ್ಥನೆ ಪ್ರಸಂಗ ಕೇಳುತ್ತ ದಿನಗಟ್ಟಲೆ ಉಳಿಯುತ್ತಾರೆ. ಹಾಡುವ ಹಾಡು ಬೇರೆ ಇರಬಹುದು, ಒಲೆ ಹೂಡುವ ಮೂರು ಕಲ್ಲು ಒಂದೇ. ಅಲ್ಲಿಯೂ ಕಂಬಳಿ–ಟಾರ್ಪಾಲಿನ ಜಗಳ ನಡೆಯುತ್ತಿದ್ದರೆ ನಾನು ಯಾರ ಕಡೆ ಎಂದು ಬೇರೆ ಹೇಳಬೇಕಿಲ್ಲ.

ತೇರು ಆದ ಮಾರನೆಯ ದಿನ ಎಲ್ಲರಿಗೂ ಮೈಕೈ ನೋವು. ಆ ದಿನ ನಾನು ಮಕ್ಕಳನ್ನು ಟ್ರ್ಯಾಕ್ಸ್ ಗಾಡಿಗೆ ಹತ್ತಿಸಿಕೊಂಡು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೊರಡುತ್ತೇನೆ. ಬಂಡೆ ಮೇಲೆ ಬಂಡೆ ಪೇರಿಸಿದ ಗುಡ್ಡ, ಅದರ ಬುಡದಲ್ಲಿ ಅಕ್ಷರಗುಂಡು. ಬಿ.ಎಲ್. ರೈಸ್ 1892ರಲ್ಲಿ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನ ಇದೆ ಎಂದು ಜಗತ್ತಿಗೆ ಹೇಳಿದರು. ಮಾರ್ಟಿಮರ್ ವೀಲರ್ 1947ರಲ್ಲಿ ಇಲ್ಲಿಯೇ ಅಗೆತ ನಡೆಸಿದರು. ಮಕ್ಕಳಿಗೆ ಇಸವಿಗಳು ಬೇಡ. ಅವರಿಗೆ ನಾನು ಹೇಳುವುದು ಶಾಸನದ ಮೊದಲ ಸಾಲುಗಳ ಸಂಗತಿ. ಸುವರ್ಣಗಿರಿಯಿಂದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಅಧಿಕಾರಿಗಳಿಗೆ ಆಜ್ಞೆ ಕಳಿಸುತ್ತಾರೆ, ಆದರೆ ಆಜ್ಞೆಗೂ ಮೊದಲು ಆರೋಗ್ಯ ವಿಚಾರಿಸುತ್ತಾರೆ. ಗಾಡಿಯಿಂದ ಇಳಿದ ನೆಂಟರನ್ನು ನಾವು ಮಾತಾಡಿಸುವುದೂ ಹೀಗೆಯೇ. ಮುಂದೆ ತಂದೆ ತಾಯಿಯ ಮಾತು ಕೇಳಬೇಕು, ಜೀವಗಳ ಮೇಲೆ ಕರುಣೆ ಇರಬೇಕು, ಸತ್ಯ ನುಡಿಯಬೇಕು, ಗುರುವನ್ನು ಗೌರವಿಸಬೇಕು, ನೆಂಟರೊಡನೆ ತಕ್ಕಂತೆ ನಡೆದುಕೊಳ್ಳಬೇಕು ಎಂದಿದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಕಲ್ಲಿಗೆ ಹಾಕಿದ ಮಾತಿನಲ್ಲಿ ನೆಂಟರಿಗೂ ಒಂದು ಜಾಗವಿದೆ ಅಂದರೆ ನನಗೆ ಸಂತೋಷ ತಡೆಯಲಾಗುವುದಿಲ್ಲ.

ಅದೇ ಶಾಸನದಲ್ಲಿ 256 ಎಂಬ ಸಂಖ್ಯೆ ಬರುತ್ತದೆ. ಅರಮನೆ ಬಿಟ್ಟು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ನನಗೆ ಆ ಅರ್ಥವೇ ಒಪ್ಪಿಗೆ. ದೊಡ್ಡ ಚಕ್ರವರ್ತಿ, ಅಷ್ಟು ರಾತ್ರಿ ಬಿಡಾರದಲ್ಲಿ ಮಲಗಿದವನು! ಶಾಸನ ಬರೆದ ಚಪಡ ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕಾರ’ ಎಂಬುದನ್ನು ಮಾತ್ರ ಖರೋಷ್ಠಿಯಲ್ಲಿ, ವಾಯವ್ಯ ಭಾರತದ ಬಲದಿಂದ ಎಡಕ್ಕೆ ಓದುವ ಲಿಪಿಯಲ್ಲಿ ಬರೆದಿದ್ದಾನೆ. ಅವನು ಈ ಬಂಡೆಗಳ ನಡುವೆ ಎಲ್ಲಿ ಮಲಗಿದ, ಯಾರು ಅವನಿಗೆ ಊಟ ಕೊಟ್ಟರು, ಬಿಸಿಲಿಗೆ ಏನು ಕಟ್ಟಿಕೊಂಡ ಎಂದು ಮಕ್ಕಳು ಕೇಳುತ್ತಾರೆ. ಕೇಟರಿಂಗ್ ತರಿಸೋಣ ಅಂದ ಹುಡುಗನ ತಂಗಿಯೇ ಹೋದ ಸಲ ಇದನ್ನು ಕೇಳಿದವಳು. ಗುಂಡುಕಲ್ಲು ಸುತ್ತಿ ಹಗ್ಗ ಬಿಗಿಯುವುದನ್ನು ಅವಳು ಒಂದೇ ಸಲಕ್ಕೆ ಕಲಿತಿದ್ದಾಳೆ.

ಮುಂದಿನ ಜಾತ್ರೆಗೆ ಎರಡು ಕಂಬಳಿ ಹೊಸದು ಬೇಕು. ಹಳೆಯದರಲ್ಲಿ ಒಂದು ನಡುವೆ ಸವೆದಿದೆ, ಇನ್ನೊಂದನ್ನು ಇಲಿ ಕಡಿದಿದೆ. ಚಳ್ಳಕೆರೆಯಲ್ಲಿ ಕೊಳ್ಳಲು ಸೋದರತ್ತೆಯನ್ನೇ ಕರೆದುಕೊಂಡು ಹೋಗುತ್ತೇನೆ. ಮಗ್ಗದ ಮನೆಯವಳು, ಬಟ್ಟೆಯನ್ನು ಬೆರಳ ತುದಿಯಲ್ಲೇ ಓದುತ್ತಾಳೆ. ಈಗ ಅಕ್ರಿಲಿಕ್ ನೂಲು ಬೆರೆಸಿದ ಕಂಬಳಿಗಳೂ ಮಾರಾಟಕ್ಕೆ ಬರುತ್ತವೆ. ನೋಡಲು ಒಂದೇ ಥರ, ಮುಟ್ಟಿದರೆ ಇನ್ನೂ ನುಣುಪು. ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಿಡಿದು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾಗುತ್ತದೆ, ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಅಂಗಡಿಯವರು ಕಡ್ಡಿ ಗೀರಲು ಬಿಡದಿದ್ದರೆ ಆ ಅಂಗಡಿ ಬೇಡ, ಮುಂದಿನದಕ್ಕೆ ಹೋಗಿ.