ಖುಲಾಸೆ ಮತ್ತು ಖುಲಾಸಾ

ನಮ್ಮ ಕೋರ್ಟು ಕಚೇರಿಗಳ ಕನ್ನಡದಲ್ಲಿ ಅರಬಿ, ಫಾರಸಿಗಳಿಂದ ಬಂದು ನೆಲೆ ನಿಂತ ಪದಗಳು ಬಹಳ. ವಕೀಲ, ಕೈದಿ, ಜಾಮೀನು, ಫಿರ್ಯಾದಿ, ಗುಮಾನಿ. ಉರ್ದುವನ್ನೂ ಕನ್ನಡವನ್ನೂ ಶಾಲೆಯಲ್ಲಿ ಕಲಿತ ನನ್ನಂಥವರಿಗೆ ಇವು ಎರಡೂ ಮನೆಗೆ ಸೇರಿದ ನೆಂಟರಂತೆ. ಆದರೆ ಒಂದು ಪದ ಮಾತ್ರ ದಾರಿಯಲ್ಲಿ ಅರ್ಥ ಬದಲಿಸಿಕೊಂಡಿದೆ. ಉರ್ದುವಿನಲ್ಲಿ ಖುಲಾಸಾ ಎಂದರೆ ಸಾರಾಂಶ, ವಿಷಯವನ್ನು ಬಿಡಿಸಿ ಹೇಳುವುದು. ಕನ್ನಡದಲ್ಲಿ ಖುಲಾಸೆ ಎಂದರೆ ಆರೋಪದಿಂದ ಬಿಡುಗಡೆ. ಭಯೋತ್ಪಾದನೆಯ ಮೊಕದ್ದಮೆಗಳ ಸುದ್ದಿ ಓದುವಾಗಲೆಲ್ಲ ಈ ಎರಡು ಅರ್ಥಗಳ ನಡುವಿನ ದೂರ ನನ್ನನ್ನು ಕಾಡುತ್ತದೆ. ಖುಲಾಸೆ ಸಿಗುತ್ತದೆ, ಖುಲಾಸಾ ಸಿಗುವುದಿಲ್ಲ.

ಎರಡೂ ಸಿಕ್ಕ ಒಂದು ಪ್ರಕರಣ ನಮ್ಮ ರಾಜ್ಯದವರಿಗೆ ಚೆನ್ನಾಗಿ ನೆನಪಿದೆ. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪೊಂದನ್ನು ನುಗ್ಗಿಸಲಾಯಿತು. ಅದನ್ನು ಓಡಿಸಿದ ಕಫೀಲ್ ಅಹ್ಮದ್ ಬೆಂಗಳೂರಿನವನು. ಸುಟ್ಟ ಗಾಯಗಳಿಂದ ಆಗಸ್ಟಿನಲ್ಲಿ ಸತ್ತ. ಘಟನೆಯಾದ ಎರಡು ದಿನಕ್ಕೆ, ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಡಾ. ಮೊಹಮ್ಮದ್ ಹನೀಫ್ ಬಂಧನವಾಯಿತು. ಮೂಡಿಗೆರೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವೈದ್ಯಕೀಯ ಓದಿ, ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ 27 ವರ್ಷದ ಯುವಕ. ಬೆಂಗಳೂರಿನಲ್ಲಿ ಹೆಂಡತಿಗೆ ಹೆರಿಗೆಯಾಗಿ ವಾರ ಕಳೆದಿರಲಿಲ್ಲ. ಮಗುವನ್ನು ನೋಡಲು ಹೊರಟಿದ್ದರು. ಕಫೀಲ್ ಅವರಿಗೆ ದೂರದ ಸೋದರ ಸಂಬಂಧಿ. ಇಂಗ್ಲೆಂಡ್ ಬಿಡುವಾಗ ತಮ್ಮ ಸಿಮ್ ಕಾರ್ಡನ್ನು ಕಫೀಲನ ತಮ್ಮ ಸಬೀಲನಿಗೆ ಕೊಟ್ಟು ಬಂದಿದ್ದರು.

ಆರೋಪವನ್ನೇ ಹೊರಿಸದೆ ಹನೀಫರನ್ನು 12 ದಿನ ಇಟ್ಟುಕೊಂಡರು. ಕೊನೆಗೆ ಭಯೋತ್ಪಾದಕರಿಗೆ ನೆರವಾದ ಆರೋಪ ಬಂತು. ಸಿಮ್ ಸಿಕ್ಕಿದ್ದು ಆ ಜೀಪಿನಲ್ಲೇ ಎಂದು ನ್ಯಾಯಾಲಯಕ್ಕೆ ಹೇಳಲಾಯಿತು. ನಿಜವಾಗಿ ಅದು ಸಿಕ್ಕಿದ್ದು ನೂರಾರು ಕಿಲೋಮೀಟರ್ ದೂರದ ಲಿವರ್‌ಪೂಲಿನಲ್ಲಿ, ಸಬೀಲನ ಬಳಿ. ಜುಲೈ 16ರಂದು ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರೆ, ಕೆಲವೇ ಗಂಟೆಗಳಲ್ಲಿ ವಲಸೆ ಸಚಿವರು ವೀಸಾ ರದ್ದುಪಡಿಸಿದರು. ಬಂಧನ ಮುಂದುವರಿಯಿತು. ವಕೀಲ ಸ್ಟೀಫನ್ ಕೀಮ್ ಪೊಲೀಸ್ ವಿಚಾರಣೆಯ ಮಾತುಕತೆಯ ದಾಖಲೆಯನ್ನು ಪತ್ರಿಕೆಗೆ ಕೊಟ್ಟ ಮೇಲೆ ಜನಾಭಿಪ್ರಾಯ ತಿರುಗಿತು. ಜುಲೈ 27ರಂದು ಆರೋಪ ಹಿಂತೆಗೆದುಕೊಂಡರು.

ಆ ತಿಂಗಳು ನಮ್ಮ ಮನೆಯಲ್ಲಿ ಉರ್ದು ಪತ್ರಿಕೆ ಓದಿ ಮುಗಿಸಿದವರು ಕನ್ನಡ ಪತ್ರಿಕೆಗೆ, ಕನ್ನಡದ್ದು ಮುಗಿಸಿದವರು ಉರ್ದುವಿಗೆ ಕೈ ಚಾಚುತ್ತಿದ್ದೆವು. ಸಿಮ್ ಕಾರ್ಡೆಂದರೆ ಏನೆಂದು ಸರಿಯಾಗಿ ತಿಳಿಯದ ಅಮ್ಮಿ ಮೇಜಿನ ಖಾನೆಯಲ್ಲಿದ್ದ ಹಳೆಯದೊಂದನ್ನು ಕತ್ತರಿಯಿಂದ ತುಂಡರಿಸಿ ಒಲೆಗೆ ಹಾಕಿದರು. ಖಾಲಾ ಫೋನು ಮಾಡಿ, "ಯಾರಿಗೂ ಏನೂ ಕೊಡಬೇಡ ಬೇಟಾ, ಸ್ವಂತದವರಾದರೂ ಸರಿ" ಎಂದರು. ಊರು ಬಿಟ್ಟು ಬರುವಾಗ ಕಂಬಳಿ, ಕುಕ್ಕರು, ಸೈಕಲ್ಲುಗಳನ್ನು ಉಳಿದವರಿಗೆ ಕೊಟ್ಟು ಬರುವುದು ನಮ್ಮ ಕುಟುಂಬಗಳ ರೂಢಿ. ಅದರ ಮೇಲೇ ಭಯ ಬಿತ್ತು. ಅದೇ ವರ್ಷ ನಾನು ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಫೋನಿನಲ್ಲಿ ನನ್ನ ಕನ್ನಡ ಕೇಳಿ "ಬನ್ನಿ, ನೋಡಿ ಹೋಗಿ" ಎಂದವರು, ಹೆಸರು ಹೇಳಿದೊಡನೆ "ನಿನ್ನೆಯೇ ಅಡ್ವಾನ್ಸ್ ತಗೊಂಡುಬಿಟ್ವಿ" ಎನ್ನುತ್ತಿದ್ದರು. ಗುಮಾನಿ ಠಾಣೆಯೊಳಗೆ ಮಾತ್ರ ಇರುವುದಿಲ್ಲ. ಸರಕಾರ ಒಬ್ಬನ ಮೇಲಿಟ್ಟ ಗುಮಾನಿಯನ್ನು ಬೀದಿ ಎಲ್ಲರ ಮೇಲೂ ಹಂಚುತ್ತದೆ.

ಬಾಂಬಿಗೆ ನಮ್ಮ ಮನೆ, ನಿಮ್ಮ ಮನೆ ಎಂಬ ಭೇದವಿಲ್ಲ. 2006ರಲ್ಲಿ ಮಾಲೆಗಾಂವ್, 2007ರ ಮೇ ತಿಂಗಳಲ್ಲಿ ಹೈದರಾಬಾದಿನ ಮಕ್ಕಾ ಮಸೀದಿ, 2008ರಲ್ಲಿ ಬೆಂಗಳೂರು, ಎಲ್ಲೆಡೆ ಸತ್ತವರು ಜನಸಾಮಾನ್ಯರೇ. ಆದ್ದರಿಂದ ಕಠಿಣ ತನಿಖೆ ಬೇಡವೆಂದು ನಾನು ಹೇಳಲಾರೆ. ಮಾಹಿತಿ ಮುಚ್ಚಿಟ್ಟದ್ದಕ್ಕೆ ಸಬೀಲನಿಗೆ 2008ರಲ್ಲಿ ಬ್ರಿಟನ್ನಿನ ಕೋರ್ಟು 18 ತಿಂಗಳ ಶಿಕ್ಷೆ ಕೊಟ್ಟಿತು. ಅದರ ಬಗ್ಗೆ ತಕರಾರಿಲ್ಲ. ಮಾಡಿದವನನ್ನೂ ಮಾಡದವನನ್ನೂ ಬೇರ್ಪಡಿಸುವುದೇ ಕಾನೂನಿನ ಕೆಲಸ.

ಹನೀಫ್ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬಿಡುಗಡೆಯ ನಂತರ ನಡೆದದ್ದು. ವೀಸಾ ರದ್ದತಿಯನ್ನು ಅಲ್ಲಿನ ಫೆಡರಲ್ ಕೋರ್ಟು ಅದೇ ವರ್ಷ ತಳ್ಳಿಹಾಕಿತು. ಹೊಸ ಸರಕಾರ ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕ್ ಅವರಿಂದ ವಿಚಾರಣೆ ಮಾಡಿಸಿ 2008ರ ಡಿಸೆಂಬರಿನಲ್ಲಿ ವರದಿಯನ್ನು ಜನರ ಮುಂದಿಟ್ಟಿತು. ಆರೋಪಕ್ಕೆ ಬೇಕಾದ ಪುರಾವೆ ಇರಲೇ ಇಲ್ಲವೆಂದೂ, ಹನೀಫರಿಗೆ ಸಂಚಿನ ಅರಿವಿತ್ತೆನ್ನಲು ಮಾಹಿತಿಯಿಲ್ಲವೆಂದು ಗುಪ್ತಚರ ಸಂಸ್ಥೆ ಮೊದಲೇ ತಿಳಿಸಿತ್ತೆಂದೂ ಅದರಲ್ಲಿ ದಾಖಲಾಯಿತು. 2010ರಲ್ಲಿ ಕಾನೂನು ತಿದ್ದಲಾಯಿತು: ತನಿಖೆಯ ನಡುವಿನ ಬಿಡುವಿನ ಹೊತ್ತನ್ನು ಲೆಕ್ಕಕ್ಕೆ ಹಿಡಿಯದೆ ಬಂಧನ ಎಳೆಯುವ ಅವಕಾಶಕ್ಕೆ 7 ದಿನಗಳ ಮಿತಿ ಬಂತು. ಅದೇ ವರ್ಷ ಹನೀಫರಿಗೆ ಪರಿಹಾರವೂ ದೊರೆಯಿತು. ಖುಲಾಸೆಯ ಜೊತೆಗೆ ಖುಲಾಸಾ ಎಂದರೆ ಇದು.

ನಮ್ಮಲ್ಲಿ? 2008ರ ತಿದ್ದುಪಡಿಯ ನಂತರ ಯುಎಪಿಎ ಅಡಿ ಚಾರ್ಜ್‌ಶೀಟಿಗೆ 180 ದಿನಗಳವರೆಗೆ ಕಾಲಾವಕಾಶ ಕೊಡಬಹುದು. ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಜಾಮೀನಿಲ್ಲ. ವಿಚಾರಣೆ ಮುಗಿಯುವ ಸೂಚನೆಯೇ ಇಲ್ಲದಿದ್ದರೆ ಜಾಮೀನು ಕೊಡಬಹುದೆಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ದೊಡ್ಡ ಸಮಾಧಾನ. ಆದರೂ ವರ್ಷಗಳು ಹೋಗುತ್ತವೆ. 2002ರ ಅಕ್ಷರಧಾಮ ದಾಳಿಯ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾದವರೂ ಸೇರಿ ಆರು ಮಂದಿಯನ್ನು 2014ರಲ್ಲಿ ಸುಪ್ರೀಂ ಕೋರ್ಟು ಖುಲಾಸೆ ಮಾಡಿತು. ಪರಿಹಾರ ಕೇಳಿದಾಗ 2016ರಲ್ಲಿ ಅದೇ ಕೋರ್ಟು ಒಪ್ಪಲಿಲ್ಲ. ತಪ್ಪು ಮೊಕದ್ದಮೆಗೆ ಸಿಕ್ಕಿದವರಿಗೆ ಪರಿಹಾರದ ಕಾನೂನು ಬೇಕೆಂದು 2018ರಲ್ಲಿ ಕಾನೂನು ಆಯೋಗ ಶಿಫಾರಸು ಮಾಡಿತು.

2006ರ ಮುಂಬೈ ಲೋಕಲ್ ರೈಲು ಸ್ಫೋಟಗಳಲ್ಲಿ 180ಕ್ಕೂ ಹೆಚ್ಚು ಜನ ಸತ್ತರು. ಶಿಕ್ಷೆಯಾಗಿದ್ದ 12 ಮಂದಿಯನ್ನೂ 2025ರ ಜುಲೈಯಲ್ಲಿ ಬಾಂಬೆ ಹೈಕೋರ್ಟು ಖುಲಾಸೆ ಮಾಡಿತು. ಅವರಲ್ಲೊಬ್ಬರು ತೀರ್ಪು ಕೇಳಲು ಬದುಕಿರಲಿಲ್ಲ. ಸರಕಾರ ಮೇಲ್ಮನವಿ ಹೋಯಿತು. ಬಿಡುಗಡೆಯಾದವರು ಮರಳಿ ಜೈಲಿಗೆ ಹೋಗಬೇಕಿಲ್ಲ, ಆದರೆ ತೀರ್ಪನ್ನು ಬೇರೆ ಪ್ರಕರಣಗಳಿಗೆ ಆಧಾರ ಮಾಡಿಕೊಳ್ಳಬಾರದು ಎಂದು ಸುಪ್ರೀಂ ಕೋರ್ಟು ಹೇಳಿತು. ಹತ್ತೊಂಬತ್ತು ವರ್ಷ ಒಳಗಿದ್ದವನಿಗೆ ಯಾಕೆಂದು ತಿಳಿಯಲಿಲ್ಲ. ಆ ಸಂಜೆ ಮನೆಗೆ ಬಾರದ ಮಗನ ತಾಯಿಗೂ ಯಾರು ಮಾಡಿದರೆಂದು ತಿಳಿಯಲಿಲ್ಲ. ಇಬ್ಬರೂ ಕಾಯುತ್ತಿರುವುದು ಒಂದೇ ವಿವರಣೆಗೆ.

ಇದು ಬರೀ ನ್ಯಾಯದ ಮಾತಲ್ಲ, ಸುರಕ್ಷತೆಯದೂ ಹೌದು. ಮನೆಯ ಹುಡುಗ ಬದಲಾಗುತ್ತಿರುವುದು ಮೊದಲು ಕಾಣುವುದು ತಾಯಿಗೆ, ಅಕ್ಕನಿಗೆ, ಜೊತೆಗೆ ಟೀ ಕುಡಿಯುವ ಗೆಳೆಯನಿಗೆ. ಅವರು ಠಾಣೆಯ ಮೆಟ್ಟಿಲು ಹತ್ತಬೇಕಾದರೆ, ಇಡೀ ಮನೆಯನ್ನೇ ಒಳಗೆ ಹಾಕುವುದಿಲ್ಲವೆಂಬ ಭರವಸೆ ಬೇಕು. ಹನೀಫ್ ಬಂಧನಕ್ಕೆ ಮೊದಲು ಮಾಡಿದ ಒಂದು ಕೆಲಸ ಎಷ್ಟೋ ಜನರಿಗೆ ಗೊತ್ತಿಲ್ಲ. ಸಿಮ್ ವಿಷಯ ಕಿವಿಗೆ ಬಿದ್ದೊಡನೆ ಅವರು ಬ್ರಿಟನ್ನಿನ ತನಿಖಾಧಿಕಾರಿಗೆ ತಾವೇ ಫೋನು ಮಾಡಲು ನಾಲ್ಕು ಬಾರಿ ಪ್ರಯತ್ನಿಸಿದ್ದರು. ಕರೆ ಸಿಕ್ಕಿರಲಿಲ್ಲ. ಪೊಲೀಸರು ಪ್ರತಿಯೊಬ್ಬ ಪ್ರಜೆಯಿಂದ ಬಯಸುವುದು ಇದನ್ನೇ ಅಲ್ಲವೇ? ಮುಂದೆ ಇಂಥ ಫೋನು ಮಾಡಬೇಕಾದವರು ಕೈ ಹಿಂದೆಗೆಯದಂತೆ ನೋಡಿಕೊಳ್ಳುವುದು ಎಲ್ಲ ಸರಕಾರಗಳ ಹೊಣೆ. ಅದಕ್ಕೆ ಹೊಸ ಕಾನೂನು ಬರುವತನಕ ಕಾಯಬೇಕಿಲ್ಲ. ಖುಲಾಸೆಯಾದ ಪ್ರತಿ ಪ್ರಕರಣದಲ್ಲೂ ತನಿಖೆ ಎಲ್ಲಿ ತಪ್ಪಿತು, ಯಾರು ತಪ್ಪಿಸಿದರು ಎಂಬ ವರದಿಯೊಂದನ್ನು ಜನರ ಮುಂದಿಟ್ಟರೂ ಅದು ದೊಡ್ಡ ಆರಂಭವಾದೀತು.