ಸಮುದ್ರ ಬಿಟ್ಟುಹೋದ ಕಾಸು

ಹತ್ತು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಯಲ್ಲಿ ಪಳೆಯುಳಿಕೆಗಳ ಬಗ್ಗೆ ಹೇಳುತ್ತಿದ್ದೆ. ‘ಹಿಮಾಲಯವಿರುವ ಜಾಗದಲ್ಲಿ ಹಿಂದೆ ಟೆಥಿಸ್ ಎಂಬ ಸಮುದ್ರವಿತ್ತು. ಭಾರತದ ಭೂಫಲಕ ಉತ್ತರಕ್ಕೆ ಸರಿದು ಏಷ್ಯಾಕ್ಕೆ ಗುದ್ದಿತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಸಮುದ್ರ ಮುಚ್ಚಿಹೋಯಿತು’ ಎಂದೆ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ‘ಸಾರ್, ಆಗ ಮನುಷ್ಯರೇ ಇರಲಿಲ್ಲ. ಲೆಕ್ಕ ಇಟ್ಟೋರು ಯಾರು?’

ತರಗತಿ ಗೊಳ್ಳೆಂದು ನಕ್ಕಿತು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆನ್ನುವ ಧೈರ್ಯವೂ ಇರಲಿಲ್ಲ. ‘ಪುಸ್ತಕದಲ್ಲಿರೋದನ್ನ ಬರ್ಕೊ, ಕೂತ್ಕೊ’ ಎಂದು ಗದರಿದೆ. ಆ ವರ್ಷವೆಲ್ಲ ಅವನು ಮತ್ತೆ ಕೈ ಎತ್ತಲಿಲ್ಲ.

ಅದು ಮನಸ್ಸನ್ನು ಕೊರೆಯುತ್ತಲೇ ಇತ್ತು. ಬೇಸಿಗೆ ರಜೆಯಲ್ಲಿ ಭೂವಿಜ್ಞಾನದ ಪುಸ್ತಕಗಳನ್ನು ತಂದು ಓದಿದೆ. ಲೆಕ್ಕ ಇಟ್ಟದ್ದು ಆ ಸಮುದ್ರದಲ್ಲೇ ಇದ್ದ ಒಂದು ಏಕಕೋಶ ಜೀವಿ! ಹೆಸರು ನಮ್ಯುಲೈಟಿಸ್. ಲ್ಯಾಟಿನ್‌ನಲ್ಲಿ ಪುಟ್ಟ ನಾಣ್ಯವೆಂದು ಇದರ ಮೂಲ. ಸುಣ್ಣದ ಚಿಪ್ಪು ಕೆಲವಕ್ಕೆ ಬೇಳೆಯಷ್ಟು, ಕೆಲವಕ್ಕೆ ಕಾಸಿನಷ್ಟು ಅಗಲ. ಈಜಿಪ್ಟಿನ ಗೀಜಾ ಪಿರಮಿಡ್ಡಿನ ಕಲ್ಲುಗಳಲ್ಲೂ ಇವು ತುಂಬಿವೆ.

ಬೆಚ್ಚನೆಯ, ಆಳವಿಲ್ಲದ ಸಮುದ್ರದಲ್ಲಿ ಇವು ಬದುಕುತ್ತಿದ್ದವು. ಇವುಗಳ ಪ್ರಭೇದಗಳು ಬೇಗ ಬೇಗ ಬದಲಾದವು. ಕಲ್ಲನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ, ಚಿಪ್ಪಿನೊಳಗಿನ ಸುರುಳಿ ನೋಡಿ ಅದು ಯಾವ ಕಾಲದ್ದೆಂದು ಗುರುತಿಸಬಹುದು. ಆ ಕಾಲಕ್ಕೆ ವರ್ಷದ ಲೆಕ್ಕ ಕೊಡುವುದು ಜ್ವಾಲಾಮುಖಿ ಬೂದಿಯಲ್ಲಿರುವ ವಿಕಿರಣಶೀಲ ಖನಿಜಗಳು.

ಲಡಾಖಿನ ಝಾನ್ಸ್ಕಾರ್ ಬೆಟ್ಟಗಳಲ್ಲಿ ಈ ಚಿಪ್ಪುಗಳಿರುವ ಸುಣ್ಣಕಲ್ಲಿದೆ. ಅದರ ಮೇಲೆ ನದಿಗಳು ತಂದುಹಾಕಿದ ಕೆಂಪು ಪದರಗಳಿವೆ. ಅಂದರೆ, ಆ ಚಿಪ್ಪಿನ ಕಾಲದವರೆಗೂ ಅಲ್ಲಿ ಸಮುದ್ರವಿತ್ತು; ಅದು ಹಿಮ್ಮೆಟ್ಟಿದ್ದು ಆಮೇಲೆ. ಮನೆಯ ತಳಪಾಯದಡಿ 1940ರ ಕಾಸು ಸಿಕ್ಕರೆ, ಮನೆ ಕಟ್ಟಿದ್ದು ಅದಕ್ಕಿಂತ ಮೊದಲಲ್ಲ, ಅಲ್ಲವೇ?

ಹಾಗೆಂದು ಕಾಸನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಅಜ್ಜಿಯ ಗಂಟಿನ ಹಳೆಯ ಕಾಸೂ ಹೊಸ ಮಣ್ಣಿನಲ್ಲಿ ಬಿದ್ದಿರಬಹುದು. ಹಳೆಯ ಬಂಡೆ ಸವೆದು, ಅದರ ಚಿಪ್ಪು ನೀರಿನಲ್ಲಿ ಕೊಚ್ಚಿಬಂದು ಹೊಸ ಪದರ ಸೇರುವುದುಂಟು. ಆದ್ದರಿಂದ ಅಂಚು ಸವೆದ, ಮುರಿದ ಚಿಪ್ಪು ಕಂಡರೆ ಭೂವಿಜ್ಞಾನಿಗಳಿಗೆ ಅನುಮಾನ. ಅಕ್ಕಪಕ್ಕದ ಸಾಕ್ಷ್ಯವನ್ನೂ ನೋಡಿಯೇ ಅವರು ಮಾತಾಡುವುದು.

ಜೂನ್‌ನಲ್ಲಿ ಶಾಲೆ ತೆರೆದ ಮೇಲೆ, ಹತ್ತನೆಯ ತರಗತಿಗೆ ಬಂದಿದ್ದ ಆ ಹುಡುಗನಿಗೆ ಎಲ್ಲರೆದುರೇ ಹೇಳಿದೆ: ‘ಅವತ್ತು ನಿನ್ನ ಪ್ರಶ್ನೆ ಸರಿಯಾಗೇ ಇತ್ತು ಕಣೋ. ನನಗೇ ಗೊತ್ತಿರಲಿಲ್ಲ.’ ಆಮೇಲೆ ಕಾಸಿನ ಕಥೆ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ. ಗಂಟೆ ಹೊಡೆಯುವ ಮೊದಲು ಮೆಲ್ಲಗೆ ಕೈ ಎತ್ತಿದ. ‘ಸಾರ್, ಬೂದಿಯ ವರ್ಷ ಹೆಂಗೆ ಗೊತ್ತಾಗುತ್ತೆ?’

ಪಾಲಕರೇ, ಮಕ್ಕಳು ‘ಹೇಗೆ ಗೊತ್ತು?’ ಎಂದಾಗ ದಯವಿಟ್ಟು ಗದರಬೇಡಿ. ನಾನು ಗದರಿ ಒಂದು ವರ್ಷ ಕಳೆದುಕೊಂಡೆ.