ಮರುಮಾತಿನ ಪಾಠ

ಎಂಬತ್ತರ ದಶಕದ ಆರಂಭದಲ್ಲಿ ಪುತ್ತೂರಿನಲ್ಲಿ ಡಿಗ್ರಿ ಓದಬೇಕೆಂದರೆ ದರ್ಬೆಯ ಸಂತ ಫಿಲೋಮಿನಾ, ಇಲ್ಲವೇ ನೆಹರೂನಗರದ ವಿವೇಕಾನಂದ. ಮೊದಲನೆಯದು 1958ರಲ್ಲಿ ಶುರುವಾದದ್ದು, ಎರಡನೆಯದು 1965ರಲ್ಲಿ. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಆಗುವವರೆಗೆ ಎರಡೂ ಮೈಸೂರಿಗೆ ಸೇರಿದ್ದವು. ನಾನು ಬಿ.ಎ. ಮಾಡಿದ್ದು ಇವೆರಡರಲ್ಲೊಂದರಲ್ಲಿ. ಒಂದು ಭಾಷಣ ಕೇಳುಗರ ಮೇಲೆ ಹೇಗೆ ಕೆಲಸ ಮಾಡುತ್ತದೆಂದು ಬಿಡಿಸಿ ಬರೆಯುವ ಪಾಠಕ್ಕೆ ಪ್ರತ್ಯೇಕ ಪೇಪರ್ ಆಗ ಇರಲಿಲ್ಲ. ಇಂಗ್ಲಿಷ್ ಮೇಷ್ಟರು ಅದನ್ನು 'ಜೂಲಿಯಸ್ ಸೀಸರ್' ನಾಟಕದ ಪಾಠದೊಳಗೇ ಹೇಳಿಕೊಟ್ಟರು.

ಸೀಸರನ ಕೊಲೆಯಾದ ಮೇಲೆ ಜನರೆದುರು ಮೊದಲು ಬ್ರೂಟಸ್ ಮಾತಾಡುತ್ತಾನೆ, ಆಮೇಲೆ ಹೆಣ ಮುಂದಿಟ್ಟುಕೊಂಡು ಆ್ಯಂಟನಿ. ಬ್ರೂಟಸನದು ಗದ್ಯ, ಆ್ಯಂಟನಿಯದು ಪದ್ಯ. ಬ್ರೂಟಸ್ ಕಾರಣ ಕೊಟ್ಟು, ಜನ ಒಪ್ಪಿದರೆಂದು ನಂಬಿ ಹೊರಟುಹೋಗುತ್ತಾನೆ. ಆ್ಯಂಟನಿ ಉಯಿಲು ಇದೆಯೆಂದು ಹೇಳಿ ಓದದೆ ಕಾಯಿಸುತ್ತಾನೆ; ಇರಿತದ ತೂತು ಬಿದ್ದ ಮೇಲಂಗಿಯನ್ನು ತೋರಿಸುತ್ತಾನೆ. ಮೇಷ್ಟರು ನಮ್ಮ ಕೈಯಲ್ಲಿ ಎರಡು ಭಾಷಣಗಳನ್ನೂ ಒಂದೇ ಹಾಳೆಯ ಎಡಕ್ಕೂ ಬಲಕ್ಕೂ ಬರೆಸಿದರು. ಎಡಗಡೆಯ ಯಾವ ಮಾತನ್ನು ಬಲಗಡೆಯವನು ಹಿಡಿದುಕೊಂಡ, ಯಾವುದನ್ನು ಮುಟ್ಟದೆ ಬಿಟ್ಟ ಎಂದು ಗೆರೆ ಎಳೆಯಬೇಕಿತ್ತು. ಬ್ರೂಟಸನನ್ನು ಮಾತ್ರ ಓದಿದವನಿಗೆ ಬ್ರೂಟಸನೂ ಅರ್ಥವಾಗುವುದಿಲ್ಲ ಎನ್ನುತ್ತಿದ್ದರು. ಅರಿಸ್ಟಾಟಲನ ಈಥೋಸ್, ಪ್ಯಾಥೋಸ್, ಲೋಗೋಸ್‌ಗಳನ್ನು ಒಂದೇ ಪೀರಿಯಡ್‌ನಲ್ಲಿ ಹೇಳಿ ಮುಗಿಸಿದರು. ಮಾತಾಡುವವನ ಮೇಲಿನ ನಂಬಿಕೆ, ಕೇಳುವವರ ಭಾವ, ವಾದದ ಸರಣಿ. ಅಷ್ಟು ಸಾಕು, ಉಳಿದದ್ದನ್ನು ತಾಳಮದ್ದಳೆ ಕೂಟಕ್ಕೆ ಹೋಗಿ ಕಲಿತುಕೊಂಡು ಬನ್ನಿ ಎಂದರು.

ನಮ್ಮ ಕಡೆಯವರಿಗೆ ತಾಳಮದ್ದಳೆಯನ್ನು ವಿವರಿಸಬೇಕಾಗಿಲ್ಲ. ಹೊರಗಿನವರಿಗಾಗಿ ಇಷ್ಟು: ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ ಹಾಡುತ್ತಾರೆ. ಎದುರುಬದುರು ಕೂತ ಅರ್ಥಧಾರಿಗಳು ಆಯಾ ಪಾತ್ರವಾಗಿ ಆಗಿಂದಾಗಲೇ ಮಾತು ಕಟ್ಟುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ರಾಮದಾಸ ಸಾಮಗರು ಒಟ್ಟಿಗೆ ಕೂರುತ್ತಾರೆಂದರೆ ಜನ ಎಷ್ಟು ದೂರದಿಂದಲೂ ಬರುತ್ತಿದ್ದ ಕಾಲ ಅದು. ಯಾರು ಗೆದ್ದರೆಂದು ಬರೆಯಬೇಡಿ, ಸಭೆ ಯಾವ ಮಾತಿಗೆ ಯಾವ ಕಡೆ ವಾಲಿತು ಅದನ್ನು ಬರೆಯಿರಿ. ಇದು ನಮಗೆ ಕೊಟ್ಟ ಅಸೈನ್‌ಮೆಂಟು.

ನಾನು ಬರೆದದ್ದು 'ವಾಲಿವಧೆ'ಯ ಬಗ್ಗೆ. ಮರದ ಮರೆಯಿಂದ ಬಂದ ಬಾಣ ತಾಗಿ ವಾಲಿ ಬಿದ್ದಿದ್ದಾನೆ. ನಿನಗೆ ನಾನೇನು ಮಾಡಿದ್ದೆ ಎಂಬುದು ಅವನ ಪ್ರಶ್ನೆ. ರಾಮನ ಕೈಯಲ್ಲಿರುವ ಉತ್ತರ ಎರಡು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಭೂಮಿಯನ್ನಾಳುವ ಭರತನ ಪರವಾಗಿ ಶಿಕ್ಷಿಸಿದೆ ಎಂಬುದೊಂದು. ನೀನು ಮೃಗ, ಮರೆಯಲ್ಲಿ ನಿಂತು ಹೊಡೆಯುವುದು ಬೇಟೆಯಲ್ಲಿ ತಪ್ಪಲ್ಲ ಎಂಬುದು ಇನ್ನೊಂದು. ವಾಲ್ಮೀಕಿಯಲ್ಲೇ ಎರಡೂ ಇವೆ. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ. ಮೃಗವಾದರೆ ಧರ್ಮ ಮೀರಿದನೆಂದು ಶಿಕ್ಷಿಸುವುದು ಹೇಗೆ? ಧರ್ಮಕ್ಕೆ ಒಳಪಟ್ಟವನಾದರೆ ಬೇಟೆ ಹೇಗಾಯಿತು? ಪಳಗಿದ ವಾಲಿ ಈ ಸಂದಿಯನ್ನೇ ಹುಡುಕುತ್ತಿರುತ್ತಾನೆ. ನಾನು ಕೇಳಿದ ಕೂಟದಲ್ಲಿ ರಾಮ ಎರಡನೆಯ ಉತ್ತರ ಆಡಿ ಮುಗಿಸುವವರೆಗೂ ವಾಲಿ ಸುಮ್ಮನೆ ಕೂತಿದ್ದ. ಆಮೇಲೆ ಸ್ವರ ಏರಿಸದೆ ಮೊದಲಿನದನ್ನು ನೆನಪಿಸಿದ. ಸಭೆ ಇಡಿಯಾಗಿ ಅವನ ಕಡೆಗೆ ಹೋಯಿತು. ರಾಮನಾಗಿದ್ದವರು ಅದಕ್ಕೆ ವಾದದಿಂದ ಉತ್ತರಿಸಲಿಲ್ಲ. ಸ್ವಲ್ಪ ತಡೆದು, ಅಂಗದನ ಹೆಸರೆತ್ತಿ, ಮಗನ ಭಾರ ನನಗಿರಲಿ ಎಂದರು. ಸಭೆ ತಿರುಗಿ ಬಂತು.

ವಾಲಿ ಸಾಯುತ್ತಾನೆ, ಸಾಯುವ ಮುಂಚೆ ಒಪ್ಪುತ್ತಾನೆ ಎಂಬುದು ಅಲ್ಲಿ ಕೂತ ಮಕ್ಕಳಿಗೂ ಗೊತ್ತು. ಕೊನೆ ಗೊತ್ತಿರುವುದರಿಂದಲೇ ಕಿವಿ ದಾರಿಯ ಮೇಲಿರುತ್ತದೆ. ಮಾತಿನ ವಿಶ್ಲೇಷಣೆಗೆ ಇದಕ್ಕಿಂತ ಒಳ್ಳೆಯ ಶಾಲೆ ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ಹಾಗೆಂದು ಆ ಕಾಲವನ್ನು ಹೊಗಳುತ್ತಾ ಕೂರುವಂತಿಲ್ಲ. ರಾತ್ರಿಯ ಕೂಟಕ್ಕೆ ಹೋಗಲು ತರಗತಿಯ ಹುಡುಗಿಯರಿಗೆ ಮನೆಯಲ್ಲಿ ಬಿಡುತ್ತಿರಲಿಲ್ಲ. ಅವರು ಮಂಗಳೂರು ಆಕಾಶವಾಣಿಯಲ್ಲಿ ಬಂದ ತಾಳಮದ್ದಳೆ ಕೇಳಿ ಬರೆದರು. ವಾದದ ಎಳೆ ಅವರ ಬರಹಗಳಲ್ಲಿ ನಮ್ಮವಕ್ಕಿಂತ ಸ್ಪಷ್ಟವಾಗಿತ್ತು, ಸಭೆ ಮಾತ್ರ ಇರಲಿಲ್ಲ. ನಾನು ಕೇಳಿದ ಕೂಟಗಳಲ್ಲಿ ಅರ್ಥ ಹೇಳಲು ಕೂತವರೂ ಗಂಡಸರೇ. ಈಗ ಪುತ್ತೂರು, ಸುಳ್ಯದ ಕಡೆ ಹೆಂಗಸರೇ ಕೂತು ಕೂಟ ನಡೆಸುತ್ತಾರೆ. ಇನ್ನೂ ಒಂದು ಮಾತು: ನಾವು ರಾಮನನ್ನೂ ಬ್ರೂಟಸನನ್ನೂ ಎಳೆ ಎಳೆಯಾಗಿ ಬಿಡಿಸಿದೆವು, ಆದರೆ ಪುತ್ತೂರಿನ ಕಿಲ್ಲೆ ಮೈದಾನದಲ್ಲಿ ಕೇಳಿದ ಚುನಾವಣಾ ಭಾಷಣವೊಂದೂ ತರಗತಿಯೊಳಗೆ ಬರಲಿಲ್ಲ. ತುರ್ತುಪರಿಸ್ಥಿತಿ ಮುಗಿದು ಕೆಲವೇ ವರ್ಷಗಳಾಗಿದ್ದವು. ಅದನ್ನು ಪ್ರತಿಭಟಿಸಿ ಪದ್ಮಭೂಷಣ ಹಿಂದಿರುಗಿಸಿದ ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ ಊರು ಇದು. ಆದರೂ ಬರಲಿಲ್ಲ.

ನಿವೃತ್ತಿಯ ನಂತರ ನಾನು ಮೊದಲ ವರ್ಷದ ಡಿಗ್ರಿ ಮಕ್ಕಳಿಗೆ ಬರವಣಿಗೆಯ ಪಾಠ ಮಾಡುತ್ತಿದ್ದೇನೆ. ಇವರಿಗೆ ಈಥೋಸ್, ಪ್ಯಾಥೋಸ್ ಬಾಯಿಪಾಠ. ಜಾಹೀರಾತಿನ ತುಣುಕು ತೋರಿಸಿದರೆ ಮೂರನ್ನೂ ಚಕಚಕನೆ ಗುರುತಿಸುತ್ತಾರೆ. ನಾವು ಒಮ್ಮೆ ಕೇಳಿದ್ದನ್ನು ನೆನಪಿನಿಂದ ಬರೆಯುತ್ತಿದ್ದೆವು, ನೆನಪು ತನಗೆ ಬೇಕಾದ್ದನ್ನು ಸೇರಿಸುತ್ತಿತ್ತು. ಇವರು ಮೊಬೈಲಿನಲ್ಲಿ ಹಿಂದೆ ಮುಂದೆ ಮಾಡಿ ಮಾತಾಡುವವನು ಎಲ್ಲಿ ಉಸಿರು ತೆಗೆದುಕೊಂಡ ಎಂಬುದನ್ನೂ ಹಿಡಿಯುತ್ತಾರೆ. ಇದು ದೊಡ್ಡ ಲಾಭ. ಆದರೆ ಮೊಬೈಲಿಗೆ ಬರುವುದು ಒಂದು ಕಡೆಯ ಮಾತು. ತಾಳಮದ್ದಳೆಯಲ್ಲಿ ಆಡಿದ ಮಾತಿಗೆ ಅಲ್ಲೇ, ಆಡಿದವನ ಮುಖದೆದುರೇ ಮರುಮಾತು ಬರುತ್ತದೆ. ಅಲ್ಲಿಯವರೆಗೆ ಯಾವ ವಾದವೂ ಗಟ್ಟಿಯಾಗಿಯೇ ಕಾಣುತ್ತದೆ. ಆದ್ದರಿಂದ ನನ್ನ ತರಗತಿಯಲ್ಲಿ ಒಂದು ನಿಯಮ: ವಿಶ್ಲೇಷಣೆ ಬರೆಯುವ ಮೊದಲು ಎದುರಾಳಿಯ ಉತ್ತರವನ್ನು ಬರೆಯಬೇಕು, ಅದೂ ಅವನು ತನ್ನದೆಂದು ಒಪ್ಪುವ ಹಾಗೆ.

ಕಳೆದ ವರ್ಷ ಸುಳ್ಯ ಕಡೆಯ ಒಬ್ಬ ಹುಡುಗಿ ಅಡಿಕೆ ಬೆಳೆಗಾರರ ಸಭೆಯ ಭಾಷಣವೊಂದನ್ನು ರೆಕಾರ್ಡ್ ಮಾಡಿ ತಂದಳು. ಮನೆಯಲ್ಲಿ ಅಡಿಕೆ ತೋಟ. ಹಳದಿ ರೋಗ ಬಂದು ಅರ್ಧ ಹೋಗಿದೆ. ಅಡಿಕೆ ಕ್ಯಾನ್ಸರ್‌ಕಾರಕ ಎನ್ನುತ್ತಾರಲ್ಲ, ನನ್ನ ಅಜ್ಜ ತೊಂಬತ್ತರವರೆಗೆ ಎಲೆ ಅಡಿಕೆ ಜಗಿದೇ ಬದುಕಿದರು ಎಂದು ಭಾಷಣಕಾರರು ಹೇಳಿದಾಗ ದೊಡ್ಡ ಚಪ್ಪಾಳೆ. ಅವಳು ಸರಿಯಾಗಿಯೇ ಬರೆದಿದ್ದಳು: ಒಬ್ಬ ಅಜ್ಜನ ಆಯುಷ್ಯ ಪುರಾವೆಯಾಗುವುದಿಲ್ಲ, ಆದರೆ ಅಲ್ಲಿ ಕೂತ ಪ್ರತಿಯೊಬ್ಬರಿಗೂ ಅಂಥ ಒಬ್ಬ ಅಜ್ಜ ಇದ್ದಾನೆ, ಚಪ್ಪಾಳೆ ಬಿದ್ದದ್ದು ಅವನಿಗೆ. ಎದುರು ಉತ್ತರವನ್ನು ವೈದ್ಯರೊಬ್ಬರ ಬಾಯಲ್ಲಿ ಇಟ್ಟಿದ್ದಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದನ್ನೂ ಹುಡುಕಿ ಹಾಕಿದ್ದಳು. ಅಡಿಕೆಯಿಂದ ಫೀಸು ಕಟ್ಟುವ ಮನೆಯ ಹುಡುಗಿ ಇದನ್ನು ಬರೆಯುವಂಥ ತರಗತಿ ನಮ್ಮ ಕಾಲದಲ್ಲಿ ಇರಲಿಲ್ಲ.

ಮನೆಯಲ್ಲಿ ಅಪ್ಪನಿಗೆ ಓದಿ ಹೇಳು ಎಂದೆ. ಸೋಮವಾರ ಬಂದು, "ಸರ್, ಅಪ್ಪ ಒಪ್ಪುವುದಿಲ್ಲ" ಎಂದಳು. ಕ್ಯಾನ್ಸರಿನ ವಿಷಯದಲ್ಲಿ ಅಪ್ಪನಿಗೆ ತಕರಾರು ಇರಲಿಲ್ಲ. "ಅದು ಆರೋಗ್ಯದ ಮೀಟಿಂಗ್ ಅಲ್ಲ ಮಾರಾಯ್ತಿ, ಹಳದಿ ರೋಗಕ್ಕೆ ಪರಿಹಾರ ಕೇಳ್ಲಿಕ್ಕೆ ಸೇರಿದ್ದು. ಅವರು ಅಜ್ಜನ ಕಥೆ ಹೇಳಿ ಹೇಳಿ ಪರಿಹಾರದ ಮಾತು ಎಲ್ಲಿ ಎತ್ತಿದರು, ಅದನ್ನು ನೋಡಿದ್ದೀಯಾ?" ಎಂದು ಕೇಳಿದ್ದರಂತೆ. ಇಬ್ಬರೂ ಕೂತು ರೆಕಾರ್ಡಿಂಗನ್ನು ಮತ್ತೆ ಕೇಳಿದ್ದಾರೆ. ಪರಿಹಾರದ ಪ್ರಸ್ತಾಪ ಬಂದದ್ದು ಕೊನೆಯಲ್ಲಿ, ಧನ್ಯವಾದ ಹೇಳುವ ಹೊತ್ತಿಗೆ, ಒಂದೇ ವಾಕ್ಯದಲ್ಲಿ. ಅವಳು ಬರಹವನ್ನು ಆ ವಾಕ್ಯದಿಂದ ಮತ್ತೆ ಶುರು ಮಾಡಿದಳು.